ನೋವು ಬರುವ ಮೊದಲೇ ಒಂದು ತಪಾಸಣೆ

ಮಗುವಿಗೆ ಜ್ವರ ಬಂದರೆ ರಾತ್ರಿ ಹನ್ನೊಂದು ಗಂಟೆಗೂ ಆಸ್ಪತ್ರೆಗೆ ಓಡುತ್ತೇವೆ. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವ ಮೊದಲೇ ತರಿಸಿಡುತ್ತೇವೆ. ಗಂಡನಿಗೆ ಸ್ವಲ್ಪ ಎದೆಯುರಿ ಎಂದರೂ 'ಒಮ್ಮೆ ಡಾಕ್ಟರಿಗೆ ತೋರಿಸಿ' ಎಂದು ಬೆನ್ನು ಹತ್ತುತ್ತೇವೆ. ಆದರೆ ಸಹೋದರಿಯರೇ, ನಿಮ್ಮ ಸರದಿ ಬರುವುದು ಯಾವಾಗ? ನೋವು ತಡೆಯಲಾಗದೆ ಹಾಸಿಗೆ ಹಿಡಿದಾಗ ಮಾತ್ರ ಆಸ್ಪತ್ರೆಗೆ ಹೋಗುವವಳು ಮನೆಯೊಡತಿ. ಆರೋಗ್ಯವಾಗಿರುವಾಗಲೇ, ಯಾವ ನೋವೂ ಇಲ್ಲದಿರುವಾಗಲೇ ವೈದ್ಯರಲ್ಲಿಗೆ ಹೋಗುವುದೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ವಿಚಿತ್ರವಾಗಿಯೇ ಕಾಣುತ್ತದೆ.

ಈ ಅಭ್ಯಾಸಕ್ಕೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,92,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಮತ್ತು ಸುಮಾರು 1,27,000 ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಪತ್ತೆಯಾದವು. ಅದೇ ವರ್ಷ ಸ್ತನ ಕ್ಯಾನ್ಸರ್‌ನಿಂದ ಸುಮಾರು 98,000 ಮಂದಿಯೂ ಗರ್ಭಕಂಠದ ಕ್ಯಾನ್ಸರ್‌ನಿಂದ ಸುಮಾರು 80,000 ಮಂದಿಯೂ ತೀರಿಕೊಂಡರು. ಇವರಲ್ಲಿ ಹೆಚ್ಚಿನವರು ಆಸ್ಪತ್ರೆ ಸೇರುವಾಗ ರೋಗ ಬಹಳ ಮುಂದುವರಿದಿರುತ್ತದೆ. ಔಷಧಿ ಇಲ್ಲದ ಕಾರಣ ಸತ್ತವರಿಗಿಂತ ತಡವಾದ ಕಾರಣ ಸತ್ತವರು ಹೆಚ್ಚು ಎಂಬುದೇ ಇದರಲ್ಲಿನ ದುಃಖದ ಸಂಗತಿ.

ಹಾಗಾದರೆ ಬೇಗ ಪತ್ತೆ ಹಚ್ಚುವುದು ಹೇಗೆ? ಅದಕ್ಕೆ ದೊಡ್ಡ ನಗರದ ದೊಡ್ಡ ಆಸ್ಪತ್ರೆಯೇ ಬೇಕೇ? ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ಬೇಕೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಕೆಲವು ಮಹತ್ವದ ಸಂಶೋಧನೆಗಳು ನಡೆದಿರುವುದು ನಮ್ಮ ದೇಶದ ಕೊಳೆಗೇರಿಗಳಲ್ಲಿ ಮತ್ತು ಹಳ್ಳಿಗಳಲ್ಲಿ. ಅವುಗಳಲ್ಲಿ ಭಾಗವಹಿಸಿದವರು ನಿಮ್ಮಂತಹ, ನಮ್ಮಂತಹ ಸಾಮಾನ್ಯ ಗೃಹಿಣಿಯರು, ಕೂಲಿ ಕಾರ್ಮಿಕ ಮಹಿಳೆಯರು. ಅವರಿಂದ ಜಗತ್ತು ಏನನ್ನು ಕಲಿಯಿತು ಎಂಬುದನ್ನು ಪ್ರತಿಯೊಬ್ಬ ಮಹಿಳೆಯೂ ತಿಳಿದಿರಬೇಕು.

ರೋಗ ಕೊಡುವ ದೀರ್ಘ ಅವಕಾಶ

ಗರ್ಭಕೋಶದ ಕೆಳಭಾಗದಲ್ಲಿರುವ ಕಿರಿದಾದ ಕೊರಳಿಗೆ ಗರ್ಭಕಂಠ ಎನ್ನುತ್ತಾರೆ. ಇಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚಿನವಕ್ಕೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಎಂಬ ವೈರಸ್ಸೇ ಕಾರಣ. ಈ ಸಂಬಂಧವನ್ನು ಕಂಡು ಹಿಡಿದ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್‌ರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ವೈರಸ್ ಅಪರೂಪದ್ದಲ್ಲ. ವೈವಾಹಿಕ ಜೀವನ ನಡೆಸುವ ಹೆಚ್ಚಿನ ಸ್ತ್ರೀಪುರುಷರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ. ಬಹುತೇಕ ಮಂದಿಯಲ್ಲಿ ಶರೀರದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ಅದನ್ನು ಹೊರಗಟ್ಟುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಹೀಗೆ ಕೆಟ್ಟ ಜೀವಕೋಶಗಳು ಕ್ಯಾನ್ಸರ್ ಆಗಿ ಬದಲಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು.

ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್ ಬೇರೆ ಯಾವುದಿದೆ? ಈ ಅವಧಿಯಲ್ಲಿ ಯಾವ ನೋವೂ ಇರುವುದಿಲ್ಲ, ರಕ್ತಸ್ರಾವವೂ ಇರುವುದಿಲ್ಲ. ಆದರೆ ಕೆಟ್ಟ ಭಾಗವನ್ನು ಪತ್ತೆ ಹಚ್ಚಿ ಅಲ್ಲೇ ತೆಗೆದುಬಿಟ್ಟರೆ ಕ್ಯಾನ್ಸರ್ ಹುಟ್ಟುವುದೇ ಇಲ್ಲ. ಶ್ರೀಮಂತ ದೇಶಗಳು ಪ್ಯಾಪ್ ಪರೀಕ್ಷೆಯ ಮೂಲಕ ಈ ಕೆಲಸವನ್ನು ದಶಕಗಳ ಹಿಂದೆಯೇ ಆರಂಭಿಸಿದವು. ಗರ್ಭಕಂಠದಿಂದ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಇದು. ಆದರೆ ಇದಕ್ಕೆ ಪ್ರಯೋಗಾಲಯ ಬೇಕು, ನುರಿತ ತಜ್ಞರು ಬೇಕು, ಮಹಿಳೆ ಮತ್ತೆ ಮತ್ತೆ ಬರಬೇಕು. ಆ ವ್ಯವಸ್ಥೆ ನಮ್ಮ ಹಳ್ಳಿಗಳಿಗೆ ತಲುಪಲಿಲ್ಲ.

ವಿನೆಗರ್ ಎಂಬ ಸರಳ ಸಾಧನ

ಅಡುಗೆ ಮನೆಯ ಉಪ್ಪಿನಕಾಯಿಗೆ ಹಾಕುವ ವಿನೆಗರ್ ನಿಮಗೆ ಗೊತ್ತು. ಅದರಲ್ಲಿರುವುದು ಅಸಿಟಿಕ್ ಆಮ್ಲ. ಅದರ 3ರಿಂದ 5 ಶೇಕಡಾ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾದರೆ ಕೆಟ್ಟ ಜೀವಕೋಶಗಳಿರುವ ಜಾಗ ಬಿಳಿಯಾಗಿ ಕಾಣಿಸುತ್ತದೆ. ಬರಿಗಣ್ಣಿನಿಂದಲೇ ಅದನ್ನು ನೋಡಬಹುದು. ಫಲಿತಾಂಶಕ್ಕಾಗಿ ವಾರಗಟ್ಟಲೆ ಕಾಯಬೇಕಿಲ್ಲ. (ಇದು ಆಸ್ಪತ್ರೆಯಲ್ಲಿ ತರಬೇತಿ ಪಡೆದವರು ಮಾಡುವ ಪರೀಕ್ಷೆ, ಮನೆಯಲ್ಲಿ ಮಾಡಿಕೊಳ್ಳುವಂತಹದ್ದಲ್ಲ ಎಂಬುದು ನೆನಪಿರಲಿ.)

ಇಷ್ಟು ಸುಲಭದ ಪರೀಕ್ಷೆಯಿಂದ ನಿಜವಾಗಿಯೂ ಜೀವಗಳು ಉಳಿಯುತ್ತವೆಯೇ? ಇದನ್ನು ತಿಳಿಯಲು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 1998ರಲ್ಲಿ ಆ ನಗರದ ಕೊಳೆಗೇರಿಗಳಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿದರು. 35ರಿಂದ 64 ವರ್ಷದೊಳಗಿನ ಸುಮಾರು ಒಂದೂವರೆ ಲಕ್ಷ ಮಹಿಳೆಯರು ಇದರ ವ್ಯಾಪ್ತಿಗೆ ಬಂದರು. ತಪಾಸಣೆ ಮಾಡಿದವರು ವೈದ್ಯರಲ್ಲ, ನರ್ಸ್‌ಗಳೂ ಅಲ್ಲ. ಹತ್ತನೇ ತರಗತಿಯವರೆಗೆ ಕಲಿತ ಮಹಿಳೆಯರನ್ನು ಆರಿಸಿ ಅವರಿಗೆ ನಾಲ್ಕು ವಾರಗಳ ತರಬೇತಿ ಕೊಡಲಾಯಿತು. ಅವರು ಎರಡು ವರ್ಷಗಳಿಗೊಮ್ಮೆಯಂತೆ ನಾಲ್ಕು ಸುತ್ತು ತಪಾಸಣೆ ನಡೆಸಿದರು. ಹನ್ನೆರಡು ವರ್ಷಗಳ ಬಳಿಕ ಲೆಕ್ಕ ನೋಡಿದಾಗ, ತಪಾಸಣೆಗೆ ಒಳಪಟ್ಟ ಬಡಾವಣೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದಾದ ಸಾವುಗಳು ಶೇಕಡಾ 31ರಷ್ಟು ಕಡಿಮೆಯಾಗಿದ್ದವು. ಡಾ. ಸುರೇಂದ್ರ ಶಾಸ್ತ್ರಿ ಮತ್ತವರ ಸಂಗಡಿಗರು ಈ ಫಲಿತಾಂಶವನ್ನು 2013ರಲ್ಲಿ ಮಂಡಿಸಿದಾಗ ಜಗತ್ತಿನ ಕ್ಯಾನ್ಸರ್ ತಜ್ಞರ ಗಮನ ಮುಂಬೈಯ ಓಣಿಗಳತ್ತ ಹರಿಯಿತು.

ಇದಕ್ಕೂ ಮೊದಲು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ತರಬೇತಿ ಪಡೆದ ನರ್ಸ್‌ಗಳು 30ರಿಂದ 59 ವರ್ಷದ ಮಹಿಳೆಯರಿಗೆ ಇದೇ ಪರೀಕ್ಷೆಯನ್ನು ಜೀವನದಲ್ಲಿ ಒಂದೇ ಒಂದು ಸಲ ಮಾಡಿದ್ದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಕ್ಯಾನ್ಸರ್ ಬರುವುದು ಶೇಕಡಾ 25ರಷ್ಟು, ಸಾವು ಶೇಕಡಾ 35ರಷ್ಟು ಇಳಿದಿತ್ತು.

ಉಸ್ಮಾನಾಬಾದಿನ ಹಳ್ಳಿಗಳು ಹೇಳಿದ ಪಾಠ

ನಮ್ಮ ರಾಜ್ಯದ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (2023ರಿಂದ ಅದಕ್ಕೆ ಧಾರಾಶಿವ್ ಎಂದು ಹೆಸರಿಡಲಾಗಿದೆ) 1999ರಲ್ಲಿ ಇನ್ನೊಂದು ಅಧ್ಯಯನ ಶುರುವಾಯಿತು. ಡಾ. ಆರ್. ಶಂಕರನಾರಾಯಣನ್ ಅವರ ಮುಂದಾಳತ್ವದ ಈ ಅಧ್ಯಯನದಲ್ಲಿ 1,31,746 ಮಹಿಳೆಯರಿದ್ದರು. ಅವರ ಹಳ್ಳಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ, ಮೂರನೆಯದಕ್ಕೆ ವಿನೆಗರ್ ಪರೀಕ್ಷೆ. ನಾಲ್ಕನೆಯ ಗುಂಪಿಗೆ ಅಂದು ಎಲ್ಲರಿಗೂ ಸಿಗುತ್ತಿದ್ದ ಸಾಮಾನ್ಯ ಆರೋಗ್ಯ ಸೇವೆ ಮಾತ್ರ.

ಎಂಟು ವರ್ಷಗಳ ನಂತರ ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ 34 ಮಂದಿ ಈ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರೆ, ಯಾವ ತಪಾಸಣೆಯೂ ಇಲ್ಲದ ಗುಂಪಿನಲ್ಲಿ 64 ಮಂದಿ ತೀರಿಕೊಂಡಿದ್ದರು. ಅಂದರೆ ಒಂದೇ ಒಂದು ಸಲದ ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಉಳಿದ ಎರಡು ಪರೀಕ್ಷೆಗಳಿಂದ ಈ ಅಧ್ಯಯನದಲ್ಲಿ ಇಷ್ಟು ಸ್ಪಷ್ಟವಾದ ಲಾಭ ಕಾಣಲಿಲ್ಲ. ಇದರ ಅರ್ಥವೇನು? ವಿನೆಗರ್ ಪರೀಕ್ಷೆ ಮಾಡುವವರ ಕಣ್ಣು ಮತ್ತು ತರಬೇತಿಯನ್ನು ಅವಲಂಬಿಸಿದೆ. ಒಳ್ಳೆಯ ತರಬೇತಿ, ನಿರಂತರ ಮೇಲ್ವಿಚಾರಣೆ ಇದ್ದಲ್ಲಿ ಅದು ಜೀವ ಉಳಿಸುತ್ತದೆ, ಇಲ್ಲದಿದ್ದಲ್ಲಿ ಕೈಕೊಡುತ್ತದೆ. ಎಚ್‌ಪಿವಿ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 30 ವರ್ಷ ದಾಟಿದ ಮಹಿಳೆಯರಿಗೆ 5ರಿಂದ 10 ವರ್ಷಗಳಿಗೊಮ್ಮೆ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು. ಆದರೆ ಇದರ ವೆಚ್ಚ ಹೆಚ್ಚು, ಪ್ರಯೋಗಾಲಯವೂ ಬೇಕು. ಆದ್ದರಿಂದ ನಮ್ಮ ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗಾಗಿ 2016ರ ಮಾರ್ಗಸೂಚಿಯಲ್ಲಿ ಆರಿಸಲಾದುದು ವಿನೆಗರ್ ಪರೀಕ್ಷೆಯನ್ನು.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಈ ಅಧ್ಯಯನಗಳಲ್ಲಿ ಸಾವಿರಾರು ಮಹಿಳೆಯರನ್ನು ತಪಾಸಣೆಯಿಲ್ಲದ ಗುಂಪಿನಲ್ಲಿ ಇರಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಹಲವು ವೈದ್ಯರು ಎತ್ತಿದ್ದಾರೆ. ಆ ಪ್ರಶ್ನೆ ನ್ಯಾಯವಾದುದು. ಆ ಮಹಿಳೆಯರ ಋಣ ನಮ್ಮೆಲ್ಲರ ಮೇಲಿದೆ. ಅವರಿಂದ ದೊರೆತ ಅರಿವು ಕಪಾಟಿನಲ್ಲಿ ಧೂಳು ತಿನ್ನದೆ ನಮ್ಮ ಮನೆಬಾಗಿಲಿಗೆ ಬಂದಾಗಲೇ ಆ ಋಣ ಸ್ವಲ್ಪವಾದರೂ ತೀರೀತು.

ಬಾಯಿ ಮತ್ತು ಸ್ತನದ ತಪಾಸಣೆ

ಬಾಯಿಯ ಕ್ಯಾನ್ಸರ್ ಗಂಡಸರ ರೋಗ ಎಂದು ತಿಳಿದವರಿದ್ದಾರೆ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಯಂದಿರು, ಊಟವಾದ ಮೇಲೆ ಅಡಿಕೆ ಚೂರು ಬಾಯಿಗೆ ಹಾಕಿಕೊಳ್ಳದೆ ಇರಲಾರದ ಗೃಹಿಣಿಯರು ನಮ್ಮಲ್ಲಿ ಕಡಿಮೆಯೇ? ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿಯೇ ಹೇಳಿದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಾಯಿಸಿ ಬಾಯಿಯೊಳಗೆ ನೋಡಿದರು, ಅಷ್ಟೇ. ಹೊಗೆಸೊಪ್ಪು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದಾಗುವ ಸಾವು ಇದರಿಂದ ಶೇಕಡಾ 34ರಷ್ಟು ಕಡಿಮೆಯಾಯಿತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ, ಕಣ್ಣಿನಿಂದ ನೋಡುವ ತಪಾಸಣೆಗೂ ಎಷ್ಟು ಬೆಲೆಯಿದೆ ಎಂಬುದಕ್ಕೆ ಸಾಕ್ಷಿ.

ಸ್ತನದ ವಿಷಯ ಸ್ವಲ್ಪ ಬೇರೆ. ಇಲ್ಲಿ ಮ್ಯಾಮೋಗ್ರಾಂ ಎಂಬ ಎಕ್ಸ್‌ರೇ ಪರೀಕ್ಷೆಯಿದೆ. ಆದರೆ ಅದನ್ನು ದೇಶದ ಎಲ್ಲ ಮಹಿಳೆಯರಿಗೂ ಒದಗಿಸುವುದು ಸುಲಭವಲ್ಲ. ತರಬೇತಿ ಪಡೆದ ಕಾರ್ಯಕರ್ತೆ ಕೈಯಿಂದ ಮುಟ್ಟಿ ಪರೀಕ್ಷಿಸಿದರೆ ಪ್ರಯೋಜನವಿದೆಯೇ ಎಂಬುದನ್ನು ಅದೇ ಮುಂಬೈ ಅಧ್ಯಯನ ಇಪ್ಪತ್ತು ವರ್ಷಗಳ ಕಾಲ ಗಮನಿಸಿತು. 2021ರಲ್ಲಿ ಬಂದ ಫಲಿತಾಂಶದಂತೆ ಗೆಡ್ಡೆಗಳು ಬೇಗನೆ, ಇನ್ನೂ ಆರಂಭದ ಹಂತದಲ್ಲಿರುವಾಗಲೇ ಪತ್ತೆಯಾದವು. ಐವತ್ತು ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್‌ನ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಐವತ್ತರೊಳಗಿನವರಲ್ಲಿ ಅಂತಹ ಇಳಿಕೆ ಕಾಣಲಿಲ್ಲ.

'ನಾನೇ ಕನ್ನಡಿಯ ಮುಂದೆ ನಿಂತು ನೋಡಿಕೊಂಡರೆ ಸಾಲದೇ?' ಎಂದು ನೀವು ಕೇಳಬಹುದು. ಚೀನಾದ ಶಾಂಘೈಯಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಜವಳಿ ಕಾರ್ಮಿಕ ಮಹಿಳೆಯರನ್ನು ಒಳಗೊಂಡ ಅಧ್ಯಯನದಲ್ಲಿ, ಸ್ವಯಂ ಪರೀಕ್ಷೆಯನ್ನು ಕಲಿಸಿಕೊಟ್ಟ ಮಾತ್ರಕ್ಕೆ ಸಾವು ಕಡಿಮೆಯಾಗಲಿಲ್ಲವೆಂದು 2002ರಲ್ಲಿ ತಿಳಿದು ಬಂತು. ಹಾಗೆಂದು ನಿಮ್ಮ ಶರೀರದ ಪರಿಚಯ ನಿಮಗಿರಬಾರದು ಎಂದಲ್ಲ. ಬದಲಾವಣೆ ಕಂಡ ಕೂಡಲೇ ತೋರಿಸಲು ಆ ಪರಿಚಯ ಬೇಕು. ಆದರೆ ಅದು ನರ್ಸ್ ಅಥವಾ ವೈದ್ಯೆಯ ಪರೀಕ್ಷೆಗೆ ಬದಲಿಯಲ್ಲ.

ಸೇವೆ ಇದೆ, ಹೋಗುವವರಿಲ್ಲ

2016ರ ಮಾರ್ಗಸೂಚಿಯ ಪ್ರಕಾರ 30ರಿಂದ 65 ವರ್ಷದವರೆಗಿನ ಎಲ್ಲ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆ ಆಗಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಅರ್ಜಿಯಲ್ಲಿ ಪ್ರಶ್ನೆಗಳನ್ನು ಕೇಳಿ ಭರ್ತಿ ಮಾಡಬೇಕು. ಅನಂತರ ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ನಡೆಯಬೇಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳಿತು ಗೊತ್ತೇ? 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ, ಶೇಕಡಾ 1.9 ಮಾತ್ರ. ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇಕಡಾ 0.9.

ಪರೀಕ್ಷೆ ಇದೆ, ಅದರಿಂದ ಪ್ರಯೋಜನವಿದೆ ಎಂಬುದೂ ಗೊತ್ತಾಗಿದೆ. ಆದರೂ ಮಹಿಳೆ ಬರುವುದಿಲ್ಲ. ಯಾಕೆ? ನಾಚಿಕೆ ಒಂದು ಕಾರಣ. 'ನನಗೇನೂ ಆಗಿಲ್ಲವಲ್ಲ' ಎಂಬುದು ಇನ್ನೊಂದು. ಕೇಂದ್ರ ದೂರ, ಜೊತೆಗೆ ಬರಲು ಯಾರೂ ಇಲ್ಲ, ಒಂದು ದಿನದ ಕೂಲಿ ಹೋಗುತ್ತದೆ, ಮನೆಯವರ ಒಪ್ಪಿಗೆ ಬೇಕು. ಎಲ್ಲಕ್ಕಿಂತ ದೊಡ್ಡದು ಕ್ಯಾನ್ಸರ್ ಎಂಬ ಪದದ ಭಯ. ಇವನ್ನು ಮಹಿಳೆಯ ಅಜ್ಞಾನವೆಂದು ಬೈದರೆ ಏನೂ ಸಾಧಿಸಿದಂತಾಗದು. ಸೇವೆಯನ್ನೇ ಅವಳಿಗೆ ಒಗ್ಗುವಂತೆ ಬದಲಾಯಿಸಬೇಕು. ಇತ್ತೀಚಿನ ಸಂಶೋಧನೆಗಳು ಕೈ ಹಾಕಿರುವುದು ಇಲ್ಲಿಗೇ.

ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಹುಹುಯ್ ಪ್ರಾಂತ್ಯದಲ್ಲಿ ಒಂದು ಪ್ರಯೋಗ ನಡೆಯಿತು. ಅಲ್ಲಿಯೂ ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿದ್ದಾರೆ. ಅವರಲ್ಲಿ 200 ಮಂದಿಯನ್ನು ಎರಡು ಪಾಲು ಮಾಡಲಾಯಿತು. ಒಂದು ಪಾಲಿನವರು 'ಕೇಂದ್ರಕ್ಕೆ ಬಂದು ಪರೀಕ್ಷೆ ಮಾಡಿಸಿಕೊಳ್ಳಿ' ಎಂದು ಹೇಳಿ ಬಂದರು. ಇನ್ನೊಂದು ಪಾಲಿನವರು ಒಂದು ಸಣ್ಣ ಬ್ರಷ್ ಮತ್ತು ಕೊಳವೆಯನ್ನು ಮಹಿಳೆಯ ಕೈಗೆ ಕೊಟ್ಟು, ಮನೆಯ ಖಾಸಗಿ ಕೋಣೆಯಲ್ಲಿ ಆಕೆಯೇ ಎಚ್‌ಪಿವಿ ಪರೀಕ್ಷೆಗಾಗಿ ಮಾದರಿ ತೆಗೆದುಕೊಡುವಂತೆ ತಿಳಿಸಿದರು. ಆರು ತಿಂಗಳಲ್ಲಿ ಮೊದಲನೆಯ ಗುಂಪಿನಲ್ಲಿ ಪರೀಕ್ಷೆ ಆದದ್ದು ಶೇಕಡಾ 20 ಮಂದಿಗೆ. ಎರಡನೆಯ ಗುಂಪಿನಲ್ಲಿ ಶೇಕಡಾ 86 ಮಂದಿಗೆ! ಮಹಿಳೆಯರು ಅದೇ ಊರಿನವರು, ಕಾರ್ಯಕರ್ತರೂ ಅದೇ ಊರಿನವರು. ಬದಲಾದದ್ದು ಕೇಳುವ ವಿಧಾನ ಮಾತ್ರ. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಆರೋಗ್ಯ ಇಲಾಖೆಗಳಿಗೆ ದೊಡ್ಡ ಪಾಠ.

ಮುಸ್ಲಿಮರೇ ಹೆಚ್ಚಿರುವ ಮಲೇಶ್ಯದಲ್ಲಿ ಮಲಯ ವಿಶ್ವವಿದ್ಯಾನಿಲಯದ ವೈದ್ಯೆಯರು ಆಸ್ಟ್ರೇಲಿಯದ ತಜ್ಞರ ಜೊತೆಗೂಡಿ 'ರೋಸ್' ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಅಲ್ಲಿ ಮಹಿಳೆ ತನ್ನೂರಿನ ಚಿಕಿತ್ಸಾಲಯಕ್ಕೆ ಹೋಗುತ್ತಾಳೆ. ಪರದೆಯ ಹಿಂದೆ ತಾನೇ ಮಾದರಿ ತೆಗೆದುಕೊಡುತ್ತಾಳೆ. ಫಲಿತಾಂಶ ಆಕೆಯ ಮೊಬೈಲ್‌ಗೆ ಬರುತ್ತದೆ. ದೋಷ ಕಂಡರೆ ಮುಂದಿನ ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕೆಂದು ಅವರೇ ವ್ಯವಸ್ಥೆ ಮಾಡುತ್ತಾರೆ. ಬೇರೊಬ್ಬರ ಮುಂದೆ ಪರೀಕ್ಷೆಗೆ ಮಲಗುವ ಮುಜುಗರವೇ ಇಲ್ಲಿಲ್ಲ. ನಮ್ಮ ಆರೋಗ್ಯ ಕೇಂದ್ರಗಳಲ್ಲಿಯೂ ಇಂತಹ ಸೌಲಭ್ಯ ಬೇಕೆಂದು ಕೇಳುವ ಹಕ್ಕು ನಮಗಿದೆ. ಕೇಳುವವರಿದ್ದಾಗಲೇ ಕೊಡುವವರು ಎಚ್ಚೆತ್ತುಕೊಳ್ಳುವುದು.

'ನಮ್ಮವರಿಗೆ ಬರುವುದಿಲ್ಲ' ಎಂಬ ತಪ್ಪು ಕಲ್ಪನೆ

ಗರ್ಭಕಂಠದ ಕ್ಯಾನ್ಸರ್ ಮುಸ್ಲಿಮ್ ಮಹಿಳೆಯರಿಗೆ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಓಡಾಡುತ್ತಿದೆ. ಇದರಲ್ಲಿ ಒಂದಂಶ ಸತ್ಯವಿದೆ. ಸುನ್ನತಿ ಮಾಡಿಸಿಕೊಂಡ ಪುರುಷರಲ್ಲಿ ಎಚ್‌ಪಿವಿ ಇರುವ ಸಾಧ್ಯತೆ ಕಡಿಮೆ ಎಂದು ಅಧ್ಯಯನಗಳು ಹೇಳಿವೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ನೆರೆಯ ಬಾಂಗ್ಲಾದೇಶವನ್ನೇ ನೋಡಿ, ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲೊಂದಾದ ಇಂಡೋನೇಶ್ಯವನ್ನು ನೋಡಿ. ಎರಡೂ ಕಡೆ ಮಹಿಳೆಯರ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಎರಡನೇ ಸ್ಥಾನ ಗರ್ಭಕಂಠದ ಕ್ಯಾನ್ಸರ್‌ಗೇ. ಇಂಡೋನೇಶ್ಯವೊಂದರಲ್ಲೇ ವರ್ಷಕ್ಕೆ ಸುಮಾರು 20,000 ಮಹಿಳೆಯರು ಇದರಿಂದ ಸಾಯುತ್ತಾರೆ. ಇನ್ನು ಸ್ತನ ಕ್ಯಾನ್ಸರ್‌ಗಂತೂ ಯಾವ ಜಾತಿ, ಧರ್ಮದ ಭೇದವೂ ಇಲ್ಲ.

ಪರ್ದಾ ಮತ್ತು ಲಜ್ಜೆಯ ಪ್ರಶ್ನೆಗೂ ಉತ್ತರವಿದೆ. ನಮ್ಮ ಉಪಕೇಂದ್ರಗಳಲ್ಲಿ ಈ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಮಹಿಳೆಯರೇ. 'ನನಗೆ ಮಹಿಳಾ ಸಿಬ್ಬಂದಿಯೇ ಬೇಕು, ಬಾಗಿಲು ಮುಚ್ಚಿರಬೇಕು, ಪರದೆ ಇರಬೇಕು' ಎಂದು ಸ್ಪಷ್ಟವಾಗಿ ಹೇಳಿ. ಇದರಲ್ಲಿ ಸಂಕೋಚ ಬೇಡ. ಆರೋಗ್ಯದ ಅಗತ್ಯಕ್ಕಾಗಿ ವೈದ್ಯಕೀಯ ಪರೀಕ್ಷೆಗೆ ಒಳಗಾಗುವುದನ್ನು ಧರ್ಮ ತಡೆಯುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ನಾವು ಇದನ್ನು ಒಪ್ಪಿಕೊಂಡಿದ್ದೇವೆ, ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಒಪ್ಪದಿರಲು ಕಾರಣವಿಲ್ಲ.

ವರದಿಯಲ್ಲಿ ದೋಷ ಕಂಡರೆ

ತಪಾಸಣೆಯಲ್ಲಿ ದೋಷ ಕಂಡ ಎಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಇನ್ನೊಂದು ಪರೀಕ್ಷೆ ಬೇಕು ಎಂಬುದಷ್ಟೇ ಅದರರ್ಥ. ಕ್ಯಾನ್ಸರ್‌ಪೂರ್ವ ಹಂತದ ಕಲೆಯಾದರೆ ತಣ್ಣನೆಯ ಅನಿಲದಿಂದ ಹೆಪ್ಪುಗಟ್ಟಿಸಿ ಅಥವಾ ಬಿಸಿಯಿಂದ ಸುಟ್ಟು ಅದನ್ನು ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಗರ್ಭಕೋಶ ತೆಗೆಸಬೇಕಾಗಿಲ್ಲ, ಅಂದೇ ಮನೆಗೆ ಮರಳಬಹುದು.

ನಿಜವಾದ ಅಪಾಯ ಇರುವುದು ಬೇರೆ ಕಡೆ. ದೋಷವಿದೆ ಎಂದು ತಿಳಿದ ಬಳಿಕ ಭಯದಿಂದ ಮತ್ತೆ ಆಸ್ಪತ್ರೆಯತ್ತ ಸುಳಿಯದಿರುವುದು. 'ಮಗಳ ಮದುವೆ ಮುಗಿಯಲಿ', 'ಹಬ್ಬ ಕಳೆಯಲಿ' ಎಂದು ಮುಂದೂಡುವುದು. ಚಿಕಿತ್ಸೆಯವರೆಗೆ ತಲುಪದ ತಪಾಸಣೆಯಿಂದ ಒಂದು ಜೀವವೂ ಉಳಿಯುವುದಿಲ್ಲ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ 2030ಕ್ಕಾಗಿ ಮೂರು ಗುರಿಗಳನ್ನು ಒಟ್ಟಿಗೆ ಇರಿಸಿತು. ನೂರರಲ್ಲಿ 90 ಹುಡುಗಿಯರಿಗೆ 15 ವರ್ಷದೊಳಗೆ ಲಸಿಕೆ, 70 ಮಹಿಳೆಯರಿಗೆ 35ರೊಳಗೊಮ್ಮೆ ಮತ್ತು 45ರೊಳಗೊಮ್ಮೆ ತಪಾಸಣೆ, ರೋಗ ಕಂಡ 90 ಮಂದಿಗೆ ಚಿಕಿತ್ಸೆ. ಮೂರರಲ್ಲಿ ಒಂದು ತಪ್ಪಿದರೂ ಸರಪಳಿ ಕಡಿಯುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ. ಎಚ್‌ಪಿವಿ ಪರೀಕ್ಷೆಯಲ್ಲಿ ವೈರಸ್ ಇದೆ ಎಂದು ಬಂದರೆ ಕೆಲವು ಮನೆಗಳಲ್ಲಿ ಗಂಡ ಹೆಂಡತಿಯ ನಡುವೆ ಸಂಶಯದ ಬೀಜ ಬೀಳುತ್ತದೆ. ಇದು ತೀರಾ ಅನ್ಯಾಯ. ಈ ವೈರಸ್ ಯಾವ ಲಕ್ಷಣವನ್ನೂ ತೋರಿಸದೆ ಶರೀರದಲ್ಲಿ ವರ್ಷಗಟ್ಟಲೆ ಅಡಗಿರಬಲ್ಲದು. ಅದು ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಅದನ್ನು ಯಾರ ಚಾರಿತ್ರ್ಯದ ಅಳತೆಗೋಲಾಗಿಯೂ ಬಳಸಬೇಡಿ. ಈ ಮಾತನ್ನು ಮನೆಯ ಗಂಡಸರೂ ಓದಬೇಕು.

ನೀವು ಇಂದೇ ಮಾಡಬಹುದಾದುದು

• 30 ವರ್ಷ ದಾಟಿದ್ದರೆ ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಮೂರು ತಪಾಸಣೆಗಳು ಎಲ್ಲಿ, ಯಾವ ದಿನ ನಡೆಯುತ್ತವೆ ಎಂದು ತಿಳಿದುಕೊಳ್ಳಿ. ಉಪಕೇಂದ್ರಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಿನಲ್ಲಿಯೂ ಗುರುತಿಸಲ್ಪಡುತ್ತಿವೆ.

• ಮುಟ್ಟಿನ ದಿನಗಳನ್ನು ಬಿಟ್ಟು ಬೇರೆ ದಿನ ಗೊತ್ತುಮಾಡಿಕೊಳ್ಳಿ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.

• ಒಬ್ಬರೇ ಹೋಗಬೇಡಿ. ಅಕ್ಕ, ನಾದಿನಿ, ನೆರೆಮನೆಯವರನ್ನು ಕರೆದುಕೊಂಡು ಹೋಗಿ. ನಾಲ್ಕು ಮಂದಿ ಒಟ್ಟಿಗಿದ್ದರೆ ನಾಚಿಕೆಯೂ ಭಯವೂ ಅರ್ಧವಾಗುತ್ತದೆ.

• ಈ ಲಕ್ಷಣಗಳಿದ್ದರೆ ತಪಾಸಣೆಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯೆಗೆ ತೋರಿಸಿ: ಮುಟ್ಟು ನಿಂತ ಬಳಿಕ ಮತ್ತೆ ರಕ್ತ ಕಾಣುವುದು, ಎರಡು ಮುಟ್ಟುಗಳ ನಡುವೆ ಅಥವಾ ದಾಂಪತ್ಯ ಸಂಪರ್ಕದ ನಂತರ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು, ಸ್ತನದಲ್ಲಿ ಗೆಡ್ಡೆ, ಆಕಾರದಲ್ಲಿ ಬದಲಾವಣೆ, ಮೊಲೆತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ಬಾಯಿಯಲ್ಲಿ ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ತೆರೆಯಲು ಕಷ್ಟ.

• ಪರೀಕ್ಷೆಯ ಚೀಟಿಯನ್ನು ರೇಶನ್ ಕಾರ್ಡಿನ ಜೊತೆಗೆ ಜೋಪಾನವಾಗಿಡಿ. ಮುಂದಿನ ತಪಾಸಣೆಯ ವರ್ಷವನ್ನು ಅದರ ಮೇಲೆ ಬರೆದಿಡಿ.

• ಹಣದ ಚಿಂತೆಯಿಂದ ಹಿಂಜರಿಯಬೇಡಿ. ಸರಕಾರಿ ಕೇಂದ್ರಗಳಲ್ಲಿ ಈ ತಪಾಸಣೆಗೆ ಶುಲ್ಕವಿಲ್ಲ. ಕ್ಯಾನ್ಸರ್ ಪತ್ತೆಯಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ನೆರವು ಸಿಗುತ್ತದೆ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಬಡ ರೋಗಿಗಳ ದೊಡ್ಡ ಆಸರೆ. ಕಲಬುರಗಿಯಲ್ಲಿಯೂ ಅದರ ಶಾಖೆಯಿದೆ.

• ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣು ಮಕ್ಕಳಿದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರಲ್ಲಿ ಕೇಳಿ. ಭಾರತದಲ್ಲೇ ತಯಾರಾದ ಲಸಿಕೆ 2023ರಿಂದ ದೊರೆಯುತ್ತಿದೆ. ಆದರೆ ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ಬೇಕು.

ಮೊಹಲ್ಲಾದ ಮಹಿಳಾ ಸಂಘಗಳು, ಮದ್ರಸದ ತಾಯಂದಿರ ಸಭೆಗಳು, ಶಾಲೆಯ ಪೋಷಕರ ಕೂಟಗಳು ವರ್ಷಕ್ಕೊಂದು ದಿನವನ್ನು ಇದಕ್ಕಾಗಿ ಮೀಸಲಿಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಪತ್ರ ಕೊಟ್ಟು, ಮಹಿಳಾ ಸಿಬ್ಬಂದಿಯನ್ನು ಕಳುಹಿಸಿ ಎಂದು ಕೇಳಬಹುದು. ಒಂದು ಕೋಣೆ, ಒಂದು ಮಂಚ, ಒಂದು ಪರದೆ, ಒಳ್ಳೆಯ ಬೆಳಕು ಒದಗಿಸಿದರೆ ಸಾಕು. ಮುಂಬೈಯ ಕೊಳೆಗೇರಿಗಳಲ್ಲಿ ಹತ್ತನೇ ತರಗತಿ ಕಲಿತ ಹೆಣ್ಣುಮಕ್ಕಳು ಸಾವಿನ ಲೆಕ್ಕವನ್ನು ಮೂರನೇ ಒಂದರಷ್ಟು ಇಳಿಸಿದ್ದು ಇಂತಹ ಸಣ್ಣ ಏರ್ಪಾಡುಗಳಿಂದಲೇ.

ಪ್ರೀತಿಯ ಸಹೋದರಿ, ನಿಮ್ಮ ಆರೋಗ್ಯ ನಿಮ್ಮೊಬ್ಬರ ಸೊತ್ತಲ್ಲ. ಶಾಲೆಯಿಂದ ಬಂದು 'ಉಮ್ಮಾ' ಎಂದು ಕರೆಯುವ ಮಗುವಿಗೆ, ಔಷಧಿಯ ಹೊತ್ತಿಗೆ ನಿಮ್ಮ ದಾರಿ ನೋಡುವ ಅತ್ತೆಗೆ, ನಿಮ್ಮನ್ನು ನಂಬಿದ ಇಡೀ ಮನೆಗೆ ಅದರಲ್ಲಿ ಪಾಲಿದೆ. ಐದು ವರ್ಷಗಳಿಗೊಮ್ಮೆ ಅರ್ಧ ದಿನ ನಿಮಗಾಗಿ ತೆಗೆದಿಡಿ. ಈ ಬರಹವನ್ನು ಓದಿ ಮುಗಿಸಿದ ಮೇಲೆ ಪಕ್ಕದ ಮನೆಯವರಿಗೂ ಓದಲು ಕೊಡಿ. ಓದಲು ಬಾರದ ಅಜ್ಜಿಗೆ ನೀವೇ ಓದಿ ಹೇಳಿ. ಮತ್ತೆ ಆಶಾ ಕಾರ್ಯಕರ್ತೆ ಬಂದು ಬಾಗಿಲು ತಟ್ಟಿದಾಗ 'ಈಗ ಪುರುಸೊತ್ತಿಲ್ಲ, ಆಮೇಲೆ ಬನ್ನಿ' ಎನ್ನದೆ ಒಳಗೆ ಕರೆದು ಕೂರಿಸಿ.